ಬೇಕೆಂದೇ ಇಟ್ಟ ಗೊಂದಲ, ತಪ್ಪಿನಿಂದ ಬಂದ ಗೊಂದಲ: ಕಥನ ಗೇಮ್ ಒಂದನ್ನು ಬಿಡುಗಡೆಗೆ ಮುನ್ನ ಆಡಿಸಿ ನೋಡುವುದು ಹೇಗೆ?

ಹಿನ್ನೀರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ನಾನೊಬ್ಬನೇ ಒಂದು ಕನ್ನಡ ಕಥನ ಗೇಮ್ ಕಟ್ಟುತ್ತಿದ್ದೇನೆ. ಇನ್ನು ಮೂರು ತಿಂಗಳಲ್ಲಿ ಬಿಡುಗಡೆ ಮಾಡಬೇಕೆಂದು ನನಗೆ ನಾನೇ ಗಡುವು ಹಾಕಿಕೊಂಡಿದ್ದು, ಅದಕ್ಕೂ ಮೊದಲು ಬೇರೆಯವರಿಂದ ಆಡಿಸಿ ನೋಡುವ ಹಂತಕ್ಕೆ ಬಂದು ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಗೇಮ್ ಎಂಥದ್ದೆಂದು ಹೇಳದೆ ತೊಡಕು ಏನೆಂದು ಹೇಳುವುದು ಕಷ್ಟ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮುಳುಗಿದ ಊರುಗಳಂಥದೇ ಒಂದು ಕಲ್ಪಿತ ಊರು ಇದರ ನೆಲೆ. ಅದೇ ಹಿನ್ನೀರಿನೊಳಗೆ 1948ರ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿದೆ. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ತಲೆಯೆತ್ತಿ ನಿಲ್ಲುವುದನ್ನು ಸಾಗರದ ಕಡೆಯವರು ಕಂಡಿರುತ್ತಾರೆ. ಆ ನೋಟದಿಂದಲೇ ಗೇಮ್‌ನ ನಿಯಮ ಹುಟ್ಟಿತು. ಜಲಾಶಯದ ಪೂರ್ಣ ಮಟ್ಟವಾದ 1819 ಅಡಿಯಿಂದ ಆಟ ಆರಂಭವಾಗುತ್ತದೆ. ನೀರು ಇಳಿದಂತೆ ಹನ್ನೊಂದು ಮನೆಗಳು ಒಂದೊಂದಾಗಿ ಮೇಲೇಳುತ್ತವೆ, ಮಳೆ ಬಂದರೆ ಮತ್ತೆ ಮುಳುಗುತ್ತವೆ. ಆಟಗಾರರು ಆ ಊರಿನವರ ಮೊಮ್ಮಗಳಾಗಿ ಒಳಹೊಕ್ಕು ಪರಿಹಾರದ ರಸೀದಿ, ದರಖಾಸ್ತು ಅರ್ಜಿ, ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಲೆಕ್ಕ, ಒಬ್ಬ ಹುಡುಗನ ನೋಟ್‌ಪುಸ್ತಕ ಇವನ್ನೆಲ್ಲ ಓದುತ್ತಾರೆ. ಸಂಭಾಷಣೆಯಲ್ಲಿ ಆರಿಸಿಕೊಳ್ಳುವ ಸಾಲುಗಳಿಲ್ಲ. ಇನ್ನೆಷ್ಟು ದಿನ ಅಲ್ಲಿರುವುದು ಎಂಬುದೊಂದೇ ಅವರ ಕೈಯಲ್ಲಿದೆ. ಯಾರಿಗೂ ಹೆಸರಿಲ್ಲ, ಎಲ್ಲರೂ ಸಂಬಂಧವಾಚಕಗಳಿಂದಲೇ ಗುರುತಾಗುತ್ತಾರೆ. ನೀರು ನುಗ್ಗಿದ ರಾತ್ರಿ ಒಬ್ಬಾಕೆ ಊರು ಬಿಡದೆ ಉಳಿದ ಸಂಗತಿ ನಾಲ್ಕು ಮನೆಗಳಲ್ಲಿ ನಾಲ್ಕು ರೀತಿ ಬರುತ್ತದೆ, ಯಾವುದು ನಿಜವೆಂದು ಗೇಮ್ ಎಲ್ಲಿಯೂ ಹೇಳುವುದಿಲ್ಲ.

ಇದುವರೆಗೆ ಏಳು ಜನ ಆಡಿದ್ದಾರೆ. ಸ್ನೇಹಿತರು, ಸೋದರ ಸಂಬಂಧಿಗಳು, ಆಫೀಸಿನ ಇಬ್ಬರು. ಏಳೂ ಜನ “ಚೆನ್ನಾಗಿದೆ” ಎಂದರು. ಅವರಲ್ಲಿ ಒಬ್ಬರು ಮಾತ್ರ, “ಕೆಲವು ಕಡೆ ಅರ್ಥವಾಗಲಿಲ್ಲ, ಆದರೆ ನಿನ್ನ ಉದ್ದೇಶವೇ ಅದಿರಬೇಕು” ಎಂದು ಸೇರಿಸಿದರು. ಈ ಎರಡನೆಯ ಮಾತು ನನ್ನ ನಿದ್ದೆ ಕೆಡಿಸಿದೆ. ಓಡಿ ಹಾರುವ ಗೇಮ್‌ನಲ್ಲಿ ಆಟಗಾರ ಗೋಡೆಯೊಳಗೆ ಸಿಕ್ಕಿಹಾಕಿಕೊಂಡರೆ ಅದು ಬಗ್ ಎಂಬುದರಲ್ಲಿ ಯಾರಿಗೂ ಅನುಮಾನವಿರುವುದಿಲ್ಲ. ನನ್ನ ಗೇಮ್‌ನಲ್ಲಿ ಅರ್ಥವಾಗದೆ ಇರುವುದೇ ಅನುಭವದ ಒಂದು ಭಾಗವಾದ್ದರಿಂದ, ನಾನು ಇಟ್ಟ ಮಬ್ಬು ಯಾವುದು, ನನ್ನ ಅಚಾತುರ್ಯದಿಂದ ಆದ ಮಬ್ಬು ಯಾವುದು ಎಂದು ಬೇರ್ಪಡಿಸುವ ದಾರಿ ತಿಳಿಯುತ್ತಿಲ್ಲ. ಇಂಥ ಗೇಮ್‌ಗಳನ್ನು ಪರೀಕ್ಷಿಸಿದ ಅಥವಾ ಪರೀಕ್ಷೆಗೆ ಕೊಟ್ಟ ಅನುಭವ ಉಳ್ಳವರು ದಯವಿಟ್ಟು ಹೇಳಬೇಕು: ಎಷ್ಟು ಜನ ಬೇಕು, ಅವರನ್ನು ಏನು ಕೇಳಬೇಕು, ಅವರ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಮೂಲೆಕುರ್ಚಿ

ನಾನು ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ಬಳಕೆದಾರರ ಪರೀಕ್ಷೆಯ ಕೆಲಸ ಮಾಡುತ್ತಿದ್ದೇನೆ, ಅದರಲ್ಲಿ ಅರ್ಧದಷ್ಟು ಕಾಲ ಗೇಮ್‌ಗಳಿಗಾಗಿಯೇ ಕಳೆದಿದೆ. ಜನ ಆಡುವಾಗ ಹಿಂದಿನ ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದೇ ನನ್ನ ವೃತ್ತಿ ಎಂದರೂ ತಪ್ಪಿಲ್ಲ.

ಮೊದಲನೆಯದಾಗಿ, “ಹೇಗಿದೆ” ಎಂದು ಕೇಳುವುದನ್ನು ಇಂದಿನಿಂದಲೇ ನಿಲ್ಲಿಸಿ. ಊಟಕ್ಕೆ ಕರೆದವರ ಮನೆಯಲ್ಲಿ ಕುಳಿತು ಸಾರಿಗೆ ಉಪ್ಪು ಸಾಲದು ಎನ್ನುವವರು ನಮ್ಮಲ್ಲಿ ಕಡಿಮೆ. ಎರಡು ವರ್ಷ ರಾತ್ರಿ ಕಣ್ಣು ಕೆಂಪಗೆ ಮಾಡಿಕೊಂಡು ಕೆಲಸ ಮಾಡಿದವನ ಎದುರು ಅಂಥ ಮಾತಾಡುವವರು ಇನ್ನೂ ಕಡಿಮೆ. ಅದರ ಬದಲು ಕಥೆಯನ್ನು ಹೇಳಿಸಿ. “ಈ ಊರಿನಲ್ಲಿ ಏನಾಯಿತು ಎಂಬುದನ್ನು, ಗೇಮ್ ಆಡದ ನಿಮ್ಮ ತಂಗಿಗೆ ಹೇಳುವಂತೆ ನನಗೆ ಹೇಳಿ” ಎನ್ನಿ. ಅವರು ಎಲ್ಲಿಂದ ಆರಂಭಿಸುತ್ತಾರೆ, ಯಾರನ್ನು ಮರೆಯುತ್ತಾರೆ, ಎಲ್ಲಿ ದನಿ ತಗ್ಗಿಸಿ “ಆಮೇಲೆ ಏನೋ ಆಗುತ್ತದೆ” ಎಂದು ದಾಟಿಸುತ್ತಾರೆ ಎಂಬುದನ್ನೆಲ್ಲ ಬರೆದುಕೊಳ್ಳಿ. ನಿಮಗೆ ಬೇಕಾದ ಉತ್ತರ ಅಲ್ಲಿದೆ.

ಆದರೆ ಅದನ್ನು ಹೋಲಿಸಲು ಒಂದು ಅಳತೆಗೋಲು ಬೇಕು, ಅದನ್ನು ಪರೀಕ್ಷೆಗೆ ಮೊದಲೇ ನೀವು ಬರೆದಿರಬೇಕು. ಪ್ರತಿ ಮನೆಯ ಕೊನೆಗೆ ಆಟಗಾರರಿಗೆ ಯಾವುದು ಖಚಿತವಾಗಿ ಗೊತ್ತಿರಬೇಕು, ಯಾವುದರ ಬಗ್ಗೆ ಊಹೆ ಇರಬಹುದು, ಯಾವುದು ಇನ್ನೂ ತಿಳಿದಿರಬಾರದು ಎಂದು ಒಂದು ಹಾಳೆಯಲ್ಲಿ ಗುರುತು ಮಾಡಿ. ಪರೀಕ್ಷೆ ಮುಗಿದ ಮೇಲೆ ಬರೆದರೆ ಅದು ಸಮಜಾಯಿಷಿ ಆಗಿಬಿಡುತ್ತದೆ. ಆಟಗಾರರು ತಪ್ಪಿದ ಕಡೆಯಲ್ಲೆಲ್ಲ “ಇದೂ ನನ್ನ ಉದ್ದೇಶವೇ” ಎಂದು ಮನಸ್ಸು ನಂಬಿಸುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಾನು ನೋಡಿದ ಮಟ್ಟಿಗೆ, ಬೇಕಾದ ಗೊಂದಲದಲ್ಲಿರುವವರ ಬಾಯಲ್ಲಿ ಒಂದು ಪ್ರಶ್ನೆ ಇರುತ್ತದೆ, ಬೇಡದ ಗೊಂದಲದಲ್ಲಿರುವವರಿಗೆ ಕೇಳಲು ಪ್ರಶ್ನೆಯೇ ಸಿಗುವುದಿಲ್ಲ. “ಅವಳು ಯಾಕೆ ಹೋಗಲಿಲ್ಲ?” ಎಂದು ಕೇಳಿದರೆ ನಿಮ್ಮ ಗೇಮ್ ಕೆಲಸ ಮಾಡುತ್ತಿದೆ. “ಅವಳು ಅಂದರೆ ಯಾರು?” ಎಂದರೆ ಮಾಡುತ್ತಿಲ್ಲ. ಮೂರನೆಯ ಬಗೆಯವರೂ ಇದ್ದಾರೆ, ಅವರಿಂದಲೇ ಹೆಚ್ಚು ಅಪಾಯ: ಗೊಂದಲವೇ ಇಲ್ಲದೆ, ಪೂರ್ತಿ ವಿಶ್ವಾಸದಿಂದ, ತಪ್ಪು ಕಥೆಯನ್ನು ಓದಿಕೊಂಡು ಹೋದವರು. ಅವರು ಎಲ್ಲಿಯೂ ತಡವರಿಸುವುದಿಲ್ಲ, ದೂರುವುದಿಲ್ಲ, “ಚೆನ್ನಾಗಿದೆ” ಎಂದು ಎದ್ದು ಹೋಗುತ್ತಾರೆ. ಕಥೆ ಹೇಳಿಸದಿದ್ದರೆ ಅವರು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಆಡುತ್ತಿರುವಾಗ ನೀವು ಮಾತಾಡಬೇಡಿ. ಅವರೇ ತಿರುಗಿ “ಇಲ್ಲಿ ಏನು ಮಾಡಲಿ?” ಎಂದರೆ, “ನಾನು ಇಲ್ಲಿ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ?” ಎಂದಷ್ಟೇ ಕೇಳಿ. ಮನಸ್ಸಿಗೆ ಬಂದದ್ದನ್ನು ಆಡುತ್ತಲೇ ಜೋರಾಗಿ ಹೇಳಿಸುವ ಕ್ರಮ ಬ್ಯಾಂಕಿನ ಆ್ಯಪ್‌ಗಳಿಗೆ ಸರಿ, ನಿಮ್ಮಂಥ ಗೇಮ್‌ಗೆ ಸಲ್ಲದು. ಓದುತ್ತಲೇ ವಿವರಿಸುವವರು ಓದುವುದನ್ನು ಬಿಟ್ಟು ವಿವರಿಸಲು ತೊಡಗುತ್ತಾರೆ. ಪರದೆಯನ್ನು ರೆಕಾರ್ಡ್ ಮಾಡಿಕೊಂಡು, ಮುಗಿದ ಮೇಲೆ ಅವರೊಂದಿಗೇ ಕುಳಿತು ನೋಡುತ್ತ, “ಇಲ್ಲಿ ನಿಂತಿರಿ, ಆಗ ಏನು ಯೋಚಿಸುತ್ತಿದ್ದಿರಿ?” ಎಂದು ಕೇಳಿ.

ಎಷ್ಟು ಜನ ಎಂಬುದಕ್ಕೆ ಎಲ್ಲರೂ ಐದು ಎನ್ನುತ್ತಾರೆ. ಅದು ಬಳಕೆದಾರರ ಪರೀಕ್ಷೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಪ್ರಚಾರಕ್ಕೆ ತಂದ ಲೆಕ್ಕ. ಒಬ್ಬ ಬಳಕೆದಾರ ಸರಾಸರಿ ಶೇ 31ರಷ್ಟು ದೋಷಗಳನ್ನು ಹೊರಗೆಡಹುತ್ತಾನೆಂದು ಇಟ್ಟುಕೊಂಡರೆ ಐವರಿಂದ ಸುಮಾರು ಶೇ 85ರಷ್ಟು ದೋಷಗಳು ಸಿಗುತ್ತವೆ. ಗುಂಡಿ ಎಲ್ಲಿದೆ, ಅಕ್ಷರ ಕಾಣುತ್ತಿದೆಯೇ ಎಂಬಂಥ ದೋಷಗಳಿಗೆ ಈ ಲೆಕ್ಕ ನಡೆಯುತ್ತದೆ. ಕಥೆಯ ಅರ್ಥದ ವಿಷಯದಲ್ಲಿ ಇದನ್ನು ಅವಲಂಬಿಸಬೇಡಿ, ಏಕೆಂದರೆ ಓದುವವರ ಊರು, ವಯಸ್ಸು, ಅಭ್ಯಾಸ ಬದಲಾದಂತೆ ದೋಷವೇ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಥನ ಗೇಮ್‌ಗೆ ಒಬ್ಬ ಮನುಷ್ಯನ ಮೊದಲ ಓದು ಒಮ್ಮೆ ಮಾತ್ರ ಸಿಗುತ್ತದೆ. ಆದ್ದರಿಂದ ಇರುವವರನ್ನೆಲ್ಲ ಒಂದೇ ವಾರದಲ್ಲಿ ಕರೆದು ಕೂರಿಸಬೇಡಿ. ಮೂರು ಮೂರು, ನಾಲ್ಕು ನಾಲ್ಕು ಜನರಂತೆ ಕರೆಯಿರಿ. ಸ್ಪಷ್ಟವಾದ ತಪ್ಪು ಕಂಡರೆ ಮುಂದಿನವರು ಬರುವ ಮೊದಲೇ ತಿದ್ದಿ. ಮೈಕ್ರೋಸಾಫ್ಟ್‌ನ ಗೇಮ್ ಪರೀಕ್ಷಕರು ‘ಏಜ್ ಆಫ್ ಎಂಪೈರ್ಸ್ 2’ರ ಕಲಿಕೆಯ ಭಾಗವನ್ನು ಹೀಗೆಯೇ ತಿದ್ದುತ್ತ ಹೋಗಿ, ಆ ಕ್ರಮವನ್ನು 2002ರಲ್ಲಿ ಬರೆದು ಪ್ರಕಟಿಸಿದರು, ಒಬ್ಬನೇ ಒಬ್ಬ ಆಟಗಾರ ಎಡವಿದರೂ, ಕಾರಣ ಸ್ಪಷ್ಟವಿದ್ದರೆ, ಅವರು ಅದನ್ನು ಆಗಲೇ ಬದಲಿಸುತ್ತಿದ್ದರು.

ಸ್ನೇಹಿತರು ಮುಗಿದರು ಎಂದುಕೊಳ್ಳಿ, ಇನ್ನು ಅಪರಿಚಿತರು ಬೇಕು. ಗೇಮ್ ಮಾರುವ ತಾಣ ಸ್ಟೀಮ್‌ನಲ್ಲಿ, ಬಿಡುಗಡೆಗೆ ಮುನ್ನ ಜನರಿಂದ ಆಡಿಸಿ ನೋಡುವ ಪ್ಲೇಟೆಸ್ಟ್ ಸೌಲಭ್ಯ 2020ರಿಂದ ಇದೆ. ಅದು ಮೂಲ ಗೇಮ್‌ನಿಂದ ಪ್ರತ್ಯೇಕವಾಗಿರುವುದರಿಂದ ಅರ್ಧ ಬೆಂದ ಆವೃತ್ತಿಗೆ ಯಾರೂ ವಿಮರ್ಶೆ ಬರೆಯಲಾರರು. ಅಷ್ಟು ದೊಡ್ಡದು ಬೇಡವೆಂದರೆ ಸಣ್ಣ ತಯಾರಕರು ಗೇಮ್ ಹಾಕುವ ತಾಣ ಇಚ್.ಐಒದಲ್ಲಿ ಪಾಸ್‌ವರ್ಡ್ ಇಟ್ಟ ಪುಟ ಸಾಕು.

ಕವಲುಗಣಕ

ಮೂಲೆಕುರ್ಚಿಯವರು ಮನುಷ್ಯರ ಬಗ್ಗೆ ಹೇಳಿದ್ದಾರೆ, ನಾನು ಯಂತ್ರದ ಬಗ್ಗೆ ಹೇಳುತ್ತೇನೆ. ಮನುಷ್ಯರ ಮೊದಲ ಓದು ಅಷ್ಟು ದುಬಾರಿಯಾಗಿರುವಾಗ ಅದನ್ನು ತೆರೆಯದ ಬಾಗಿಲು, ತುಂಡಾದ ಸಾಲು ಹುಡುಕಲು ಖರ್ಚು ಮಾಡುವುದು ಅನ್ಯಾಯ.

ಆಯ್ಕೆಗಳಿರುವ ಪಠ್ಯ ಗೇಮ್ ಬರೆಯುವ ಭಾಷೆಯಾದ ಚಾಯ್ಸ್‌ಸ್ಕ್ರಿಪ್ಟ್‌ನಲ್ಲಿ ಬರೆಯುವವರಿಗೆ ರ್‍ಯಾಂಡಮ್‌ಟೆಸ್ಟ್ ಎಂಬ ಸಲಕರಣೆ ಇದೆ. ಅದು ಯದ್ವಾತದ್ವಾ ಆಯ್ಕೆ ಮಾಡುತ್ತ ಕಥೆಯನ್ನು ಸಾವಿರಾರು ಬಾರಿ ಆಡಿ, ಯಾವ ಸಾಲನ್ನು ಎಷ್ಟು ಸಲ ಮುಟ್ಟಿತೆಂದು ಪಟ್ಟಿ ಕೊಡುತ್ತದೆ. ನೀವು ಬೇರೆ ಎಂಜಿನ್ (ಗೇಮ್ ಕಟ್ಟುವ ತಂತ್ರಾಂಶ) ಬಳಸುತ್ತಿದ್ದರೂ ಇಂಥದ್ದನ್ನು ನೀವೇ ಬರೆದುಕೊಳ್ಳಬಹುದು, ನಿಮ್ಮಲ್ಲಿರುವ ಆಯ್ಕೆ ಒಂದೇ ತಾನೆ. ಹನ್ನೊಂದು ಮನೆಗಳನ್ನು ಯಾವ ಕ್ರಮದಲ್ಲಾದರೂ ಹೊಗಬಹುದಾಗಿದ್ದರೆ 3,99,16,800 ಕ್ರಮಗಳಾಗುತ್ತಿದ್ದವು. ನೀರಿನ ಮಟ್ಟ ಕಟ್ಟುಹಾಕುವುದರಿಂದ ನಿಮ್ಮಲ್ಲಿ ಅಷ್ಟಾಗಲಾರದು, ಆದರೂ ಕೈಯಲ್ಲಿ ಆಡಿ ಮುಗಿಸುವಷ್ಟು ಕಡಿಮೆಯೂ ಇರಲಾರದು. ನನ್ನ ಹಿಂದಿನ ಒಂದು ಗೇಮ್‌ನಲ್ಲಿ ನಾನು ತುಂಬ ಪ್ರೀತಿಯಿಂದ ಬರೆದಿದ್ದ ಅಧ್ಯಾಯವೊಂದನ್ನು ಹತ್ತು ಸಾವಿರ ಆಟಗಳಲ್ಲಿ ಯಂತ್ರ ಒಮ್ಮೆಯೂ ಮುಟ್ಟಲಿಲ್ಲ. ಷರತ್ತಿನಲ್ಲಿ ‘ಹೆಚ್ಚು’ ಎಂದಿರಬೇಕಾದಲ್ಲಿ ‘ಕಡಿಮೆ’ ಎಂದು ಬರೆದಿದ್ದೆ.

ಎರಡನೆಯದು, ದಾಖಲೆ. ಟೈಪ್ ಮಾಡಿ ಆಡುವ ಹಳೆಯ ಪಠ್ಯ ಗೇಮ್‌ಗಳಲ್ಲಿ ‘ಸ್ಕ್ರಿಪ್ಟ್’ ಎಂಬ ಆಜ್ಞೆ ಕೊಟ್ಟರೆ ಆಟವೆಲ್ಲ ಒಂದು ಕಡತದಲ್ಲಿ ಉಳಿಯುತ್ತಿತ್ತು. ಪರೀಕ್ಷಕರು ಸಾಲಿನ ಮೊದಲಿಗೆ ನಕ್ಷತ್ರ ಚಿಹ್ನೆ ಹಾಕಿ ತಮ್ಮ ಅನಿಸಿಕೆಯನ್ನು ನಡುನಡುವೆ ಬರೆದು ಆ ಕಡತವನ್ನೇ ಲೇಖಕರಿಗೆ ಕಳುಹಿಸುತ್ತಿದ್ದರು. 1995ರಲ್ಲಿ ಶುರುವಾದ, ಇಂಥ ಪಠ್ಯ ಗೇಮ್‌ಗಳ ಐಎಫ್‌ಕಾಂಪ್ ಸ್ಪರ್ಧೆಯ ಲೇಖಕರಲ್ಲಿ ಈ ರೂಢಿ ಈಗಲೂ ಇದೆ. ನಿಮ್ಮ ಗೇಮ್‌ನಲ್ಲೂ ಒಂದು ಕೀಲಿ ಒತ್ತಿದರೆ ಟಿಪ್ಪಣಿ ಬರೆಯುವ ಚೌಕ ತೆರೆದು, ಆ ಕ್ಷಣದ ನೀರಿನ ಮಟ್ಟ, ಮನೆ, ಓದಿದ ಕಾಗದ ಇವು ತಾವಾಗಿಯೇ ಸೇರಿಕೊಳ್ಳುವಂತೆ ಮಾಡಿ. ಯಾರು ಎಲ್ಲಿ ಎಷ್ಟು ಹೊತ್ತು ನಿಂತರು ಎಂಬ ಅಂಕಿಯನ್ನೂ ಇಟ್ಟುಕೊಳ್ಳಿ, ಆದರೆ ಅದರಿಂದ ಅರ್ಥ ಹೊರಡಿಸುವಾಗ ಎಚ್ಚರವಿರಲಿ. ಒಂದು ಕಾಗದದ ಎದುರು ಹನ್ನೊಂದು ನಿಮಿಷ ನಿಂತವರನ್ನು ಕಂಡು ಹಿಗ್ಗಿದ್ದೆ. ಆಮೇಲೆ ತಿಳಿಯಿತು, ಅವರು ಹಾಲು ಕಾಯಿಸಲು ಹೋಗಿದ್ದರು.

ನೇಪಥ್ಯ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತಲೇ ಒಂದು ತಕರಾರು. ನಾನು ಗೇಮ್‌ನವನಲ್ಲ, ಹವ್ಯಾಸಿ ರಂಗಭೂಮಿಯವನು. ಗೇಮ್ ಆಡುವುದು ಚಟ. ಮೊದಲ ಪ್ರದರ್ಶನಕ್ಕೆ ಮುನ್ನ ತಾಲೀಮಿಗೆ ಜನರನ್ನು ಕರೆಯುವ ರೂಢಿ ನಮ್ಮಲ್ಲೂ ಇದೆ. ಅದರಿಂದ ಉಳಿದ ನಾಟಕಗಳನ್ನು ನೋಡಿದ್ದೇನೆ, ಕೆಟ್ಟ ನಾಟಕಗಳನ್ನೂ ನೋಡಿದ್ದೇನೆ. ಯಾರೋ ಆಕಳಿಸಿದರೆಂದು ಮೌನವನ್ನು ಕತ್ತರಿಸಿ, ಇನ್ನಾರಿಗೋ ತಿಳಿಯಲಿಲ್ಲವೆಂದು ಒಂದು ವಿವರಣೆ ಸೇರಿಸಿ, ಕೊನೆಗೆ ಯಾರಿಗೂ ಬೇಸರವಾಗದ, ಯಾರಿಗೂ ನೆನಪೂ ಉಳಿಯದ ನಾಟಕ ತಯಾರಾಗುತ್ತದೆ. ನೋವು ಎಲ್ಲಿದೆ ಎಂದು ರೋಗಿ ತೋರಿಸಬಲ್ಲ, ಔಷಧಿ ಬರೆಯಲಾರ. ಪರೀಕ್ಷಕರು “ಇಲ್ಲಿ ಒಂದು ನಕ್ಷೆ ಇದ್ದಿದ್ದರೆ” ಎಂದರೆ ನೀವು ಕೇಳಿಸಿಕೊಳ್ಳಬೇಕಾದದ್ದು ‘ಇಲ್ಲಿ’ ಎಂಬುದನ್ನು ಮಾತ್ರ.

‘ರಿಟರ್ನ್ ಆಫ್ ದಿ ಒಬ್ರಾ ದಿನ್’ ಆಡಿದ್ದೀರಾ? 2018ರದು. ಹಡಗಿನಲ್ಲಿದ್ದ ಅರವತ್ತು ಜನರಿಗೆ ಏನಾಯಿತೆಂದು ಆಟಗಾರರು ಕಂಡುಹಿಡಿಯಬೇಕು, ಆದರೆ ಮೂವರ ಗತಿಯನ್ನು ಸರಿಯಾಗಿ ಬರೆದ ಮೇಲೆಯೇ ಗೇಮ್ ಹೌದೆನ್ನುತ್ತದೆ. ಒಂದೊಂದಕ್ಕೂ ಉತ್ತರ ಕೊಟ್ಟಿದ್ದರೆ ಊಹೆ ಹೊಡೆದೇ ಮುಗಿಸಬಹುದಿತ್ತು. ಕೊನೆಯವರೆಗೂ ಉತ್ತರ ಕೊಡದಿದ್ದರೆ ಅರ್ಧ ಜನ ಕೈಬಿಡುತ್ತಿದ್ದರು. ನಿಮ್ಮ ಗೇಮ್‌ನಲ್ಲೂ ನಾಲ್ಕು ಕಥೆಗಳಲ್ಲಿ ಯಾವುದು ನಿಜವೆಂದು ಹೇಳಬೇಕಿಲ್ಲ, ಆದರೆ ಕಾಲ ಕೆಳಗೆ ಅಷ್ಟಿಷ್ಟು ಗಟ್ಟಿ ನೆಲ ಎಲ್ಲಿದೆ ಎಂಬ ಭರವಸೆಯನ್ನು ಯಾವ ಅಳತೆಯಲ್ಲಿ ಕೊಡುತ್ತೀರಿ ಎಂಬುದನ್ನು ಯೋಚಿಸಿ.

ಹಾಗಾಗಿ ಮೂಲೆಕುರ್ಚಿಯವರು ಹೇಳಿದ ಹಾಳೆಯ ಜೊತೆಗೆ ಇನ್ನೊಂದು ಹಾಳೆ ಮಾಡಿಕೊಳ್ಳಿ: ಯಾರು ಏನೇ ಹೇಳಿದರೂ ಬದಲಿಸದಿರುವ ಸಂಗತಿಗಳು. ಅದರಲ್ಲಿ ಮೂರು ಸಾಲಿಗಿಂತ ಹೆಚ್ಚಿರಬಾರದು.

ಮೂಲೆಕುರ್ಚಿ

ನೇಪಥ್ಯ ಅವರೇ, ಒಪ್ಪಿದೆ. ಒಂದು ಸೇರ್ಪಡೆ ಮಾತ್ರ: ಪರೀಕ್ಷೆಯಿಂದ ಯಾವಾಗಲೂ ಮೊಂಡಾಗುವುದೇ ಆಗಬೇಕೆಂದಿಲ್ಲ. 2007ರ ‘ಪೋರ್ಟಲ್’ನ ಒಂದು ಹಂತದಲ್ಲಿ ಪೆಟ್ಟಿಗೆಯೊಂದನ್ನು ಉದ್ದಕ್ಕೂ ಹೊತ್ತುಕೊಂಡು ಹೋಗಬೇಕಿತ್ತು, ಪರೀಕ್ಷಕರು ಅದನ್ನು ಮರೆತು ಮುಂದೆ ಹೋಗುತ್ತಿದ್ದರು. ತಯಾರಕರು ದಾರಿಯನ್ನು ಸುಲಭ ಮಾಡುವ ಬದಲು ಪೆಟ್ಟಿಗೆಯ ಮೇಲೆ ಹೃದಯದ ಗುರುತು ಬಿಡಿಸಿ, ಅದು ನಿನ್ನ ಸಂಗಾತಿ ಎಂಬಂತೆ ಮಾತು ಸೇರಿಸಿದರು. ಇಂದಿಗೂ ಆ ಗೇಮ್ ಎಂದರೆ ಜನರಿಗೆ ನೆನಪಾಗುವುದು ಆ ಪೆಟ್ಟಿಗೆಯೇ. ಎಡವಿದ ಜಾಗ ತಿಳಿದದ್ದು ಪರೀಕ್ಷಕರಿಂದ, ಪರಿಹಾರ ಬರೆಯುವವರದು.

ಕಾಗುಣಿತ

ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ಕನ್ನಡದ ಎರಡು ಮೂರು ಗೇಮ್‌ಗಳನ್ನೂ ಬಿಡುಗಡೆಗೆ ಮೊದಲು ನೋಡಿಕೊಟ್ಟಿದ್ದೇನೆ. ಹೊರಗಿನ ಮಾರ್ಗದರ್ಶಿಗಳಲ್ಲಿ ಸಿಗದ ಕೆಲವನ್ನು ಇಲ್ಲಿ ಹೇಳಬೇಕು.

ಪಠ್ಯವು ಅಕ್ಷರ ಅಕ್ಷರವಾಗಿ ಮೂಡುವ ಪರಿಣಾಮವನ್ನು ನೀವು ಬಳಸುತ್ತಿದ್ದರೆ ನಿಧಾನಗೊಳಿಸಿ ನೋಡಿ. ಕಂಪ್ಯೂಟರ್ ಎಣಿಸುವ ಅಕ್ಷರ ಬೇರೆ, ನಾವು ಓದುವ ಅಕ್ಷರ ಬೇರೆ. ‘ಪ್ರೀತಿ’ ಎಂಬ ಪದ ಮೊದಲು ‘ಪ’ ಆಗಿ, ಬಳಿಕ ‘ಪ್’ ಆಗಿ, ಬಳಿಕ ‘ಪ್ರ’ ಆಗಿ ಕಣ್ಣೆದುರು ಕುಣಿಯುತ್ತದೆ. ಇಂಗ್ಲಿಷ್‌ನಲ್ಲಿ ಗಾಂಭೀರ್ಯ ತರುವ ಈ ತಂತ್ರ ಕನ್ನಡದಲ್ಲಿ ತೊದಲಿನಂತೆ ಕಾಣುತ್ತದೆ. ಕಾಗುಣಿತ, ಒತ್ತಕ್ಷರ ಸೇರಿದ ಇಡೀ ಗುಚ್ಛವನ್ನು ಒಮ್ಮೆಗೇ ತೋರಿಸಿ, ಇಲ್ಲವೇ ಪದ ಪದವಾಗಿ ತೋರಿಸಿ. ಇನ್ನು ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುವ ಎಂಜಿನ್‌ಗಳೂ ಇವೆ. 2023ರಲ್ಲಿ ಬಂದ ಗೋಡೋ 4 ಎಂಬ ಎಂಜಿನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ, ಕಥೆ ಹೆಣೆಯುವ ಸಲಕರಣೆಯಾದ ಟ್ವೈನ್ ಬ್ರೌಸರ್‌ನಲ್ಲೇ ಓಡುವುದರಿಂದ ಅಲ್ಲಿಯೂ ಈ ಚಿಂತೆಯಿಲ್ಲ. ಏನೇ ಇರಲಿ, ಹಳೆಯ ಅಗ್ಗದ ಫೋನ್ ಒಂದರಲ್ಲಿ ‘ದರಖಾಸ್ತು’, ‘ಶ್ಯಾನುಭೋಗ’, ‘ರಾಷ್ಟ್ರೀಯ’ ಮೂರನ್ನೂ ಕಣ್ಣಾರೆ ನೋಡದೆ ಬಿಡುಗಡೆ ಮಾಡಬೇಡಿ.

ವಿಭಕ್ತಿ ಪ್ರತ್ಯಯ ಇನ್ನೊಂದು ಬಲೆ. ಆಟಗಾರರ ಹೆಸರನ್ನು ಕೇಳಿ ಅದಕ್ಕೆ ‘ಅನ್ನು’ ಅಂಟಿಸುವ ಗೇಮ್ ಒಂದರಲ್ಲಿ ‘ಸೀತೆಅನ್ನು’, ‘ಮಧುಅನ್ನು’ ಎಂದು ಓದಿ ನಕ್ಕಿದ್ದೆವು. ನೀವು ಹೆಸರನ್ನೇ ಇಟ್ಟಿಲ್ಲವಾದ್ದರಿಂದ ಪಾರಾದಿರಿ.

ಆದರೆ ಹೆಸರಿಲ್ಲದಿರುವುದೇ ನನಗೆ ಅನುಮಾನ ತರುತ್ತಿದೆ. ಎಲ್ಲರೂ ಸಂಬಂಧವಾಚಕಗಳಿಂದ ಗುರುತಾಗುತ್ತಾರೆ ಎಂದಿರಿ. ಸಾಗರದ ಕಡೆಯ ಕಥೆಯಾದ್ದರಿಂದ ‘ಆಯಿ’ ಎಂಬ ಪದ ಬಂದೇ ಇರಬೇಕು. ಸಾಗರ, ಸಿದ್ದಾಪುರ, ಶಿರಸಿ ಕಡೆಯ ಹವ್ಯಕ ಮನೆಗಳಲ್ಲಿ ಆಯಿ ಎಂದರೆ ತಾಯಿ. ವಿಜಯಪುರ, ಧಾರವಾಡದ ಕಡೆ ಆಯಿ ಎಂದರೆ ಅಜ್ಜಿ. ನಿಮ್ಮ ಏಳು ಜನ ಪರೀಕ್ಷಕರು ಯಾವ ಯಾವ ಊರಿನವರು?

ಹಿನ್ನೀರು

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಕಾಗುಣಿತ ಅವರ ಕೊನೆಯ ಪ್ರಶ್ನೆಯನ್ನು ಓದಿದ ದಿನ ನನಗೆ ಕೈಕಾಲು ತಣ್ಣಗಾದವು. ಏಳರಲ್ಲಿ ಆರು ಜನ ಸಾಗರ, ಶಿರಸಿಯ ಕಡೆಯವರು. ಏಳನೆಯವರು, “ನಿನ್ನ ಉದ್ದೇಶವೇ ಅದಿರಬೇಕು” ಎಂದಿದ್ದ ಆಫೀಸಿನ ಗೆಳೆಯರು, ಧಾರವಾಡದವರು. ಫೋನ್ ಮಾಡಿ, ಊರು ಬಿಡದೆ ಉಳಿದ ಆಯಿ ಯಾರೆಂದು ಕೇಳಿದೆ. “ಆ ಹುಡುಗನ ಅಜ್ಜಿ ಅಲ್ಲೇನು?” ಎಂದರು.

ಒಂದು ತಲೆಮಾರೇ ಪಲ್ಲಟವಾಗಿತ್ತು. ವಯಸ್ಸಾದ ಅಜ್ಜಿಯೊಬ್ಬರು ಹುಟ್ಟಿ ಬಾಳಿದ ಮನೆ ಬಿಡಲೊಲ್ಲೆ ಎನ್ನುವುದು ಯಾರಿಗೂ ತಟ್ಟನೆ ತಿಳಿಯುವ ಸಂಗತಿ, ಅದರಲ್ಲಿ ಬಿಡಿಸಬೇಕಾದ ಒಗಟೇ ಇಲ್ಲ. ಮಗನನ್ನು ಬೇರೆಯವರೊಂದಿಗೆ ಲಾರಿ ಹತ್ತಿಸಿ ತಾನು ಉಳಿದ ಎಳೆಯ ತಾಯಿಯ ಕಥೆ ನಾನು ಬರೆದದ್ದು. ಅವರಿಗೆ ಅರ್ಥವಾಗದೆ ಹೋದದ್ದು ನಾಲ್ಕು ಕಥೆಗಳ ನಡುವಿನ ವಿರೋಧವಲ್ಲ. ಅಜ್ಜಿಯೊಬ್ಬಳಿಗಾಗಿ ಊರೆಲ್ಲ ಇಷ್ಟೊಂದು ಪಿಸುಗುಟ್ಟುವುದೇಕೆ ಎಂಬುದು.

ಆ ಬಳಿಕ ನಾಲ್ವರು ಅಪರಿಚಿತರನ್ನು ಕರೆದು, ಹಾಳೆಗಳೆರಡನ್ನೂ ಮೊದಲೇ ಬರೆದಿಟ್ಟುಕೊಂಡು, ಮೂಲೆಯಲ್ಲಿ ಕುಳಿತೆ. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮೊದಲು ಬಂದ ವಿಜಯಪುರದ ಯುವತಿ ಕಥೆಯನ್ನು “ಒಬ್ಬ ಮುದುಕಿ ಇದ್ದಳು” ಎಂದೇ ಆರಂಭಿಸಿದರು. ‘ಆಯಿ’ಯನ್ನು ‘ಅಮ್ಮ’ ಎಂದು ಬದಲಿಸಬಹುದಿತ್ತು, ಆದರೆ ಬದಲಿಸಬಾರದ ಸಂಗತಿಗಳ ಹಾಳೆಯಲ್ಲಿ ಮೊದಲ ಸಾಲೇ ಅದಾಗಿತ್ತು. ಕೊನೆಗೆ, ನೀರಿನಿಂದ ಮೊದಲು ಮೇಲೇಳುವ ಮನೆಯ ಗೋಡೆಯ ಲೆಕ್ಕದಲ್ಲಿ ಒಂದು ಸಾಲು ಸೇರಿಸಿದೆ: “ಆಯಿ ಬಾಣಂತನಕ್ಕೆ ತುಪ್ಪ ಎರಡು ಸೇರು.” ಮುಂದಿನ ಮೂವರಲ್ಲಿ ಇಬ್ಬರು ಉತ್ತರ ಕರ್ನಾಟಕದವರೇ ಆಗಿದ್ದರೂ ಯಾರೂ ಮುದುಕಿ ಎನ್ನಲಿಲ್ಲ. ಮೂವರೂ, ನಾನು ಕೇಳದಿದ್ದರೂ, ಅವಳು ಯಾಕೆ ಹೋಗಲಿಲ್ಲ ಎಂದು ಕೇಳಿದರು. ಉತ್ತರ ಹೇಳಲಿಲ್ಲ.

ಉಳಿದವು ಸಣ್ಣವು. ಮಳೆ ಬಂದು ನೀರು ಏರುವಾಗ ಒಂಬತ್ತು ಸೆಕೆಂಡ್ ಪೂರ್ತಿ ನಿಶ್ಶಬ್ದ ಇಟ್ಟಿದ್ದೆ. ನಾಲ್ವರಲ್ಲಿ ಇಬ್ಬರು ಗೇಮ್ ನಿಂತುಹೋಯಿತೆಂದು ಕೀಲಿಗಳನ್ನು ಕುಟ್ಟಿದರು. ನಿಶ್ಶಬ್ದ ಹಾಗೆಯೇ ಇದೆ, ಹೆಂಚಿನ ಮೇಲೆ ಒಂದೆರಡು ಹನಿ ಬೀಳುವ ಸದ್ದು ಸೇರಿಸಿದ್ದೇನೆ. ಕವಲುಗಣಕರ ಮಾತಿನಂತೆ ಯಂತ್ರದಿಂದ ಆಡಿಸಿದಾಗ, ಹದಿನಾಲ್ಕು ದಿನಕ್ಕಿಂತ ಹೆಚ್ಚು ಉಳಿದವರಿಗೆ ಏಳನೆಯ ಮನೆ ಬಾಗಿಲೇ ಇಲ್ಲದೆ ಮೇಲೇಳುತ್ತಿದ್ದುದು ಸಿಕ್ಕಿತು. ಅಕ್ಷರಗಳು ಈಗ ಪದ ಪದವಾಗಿ ಮೂಡುತ್ತವೆ.

ಮುಂದಿನ ತಿಂಗಳು ಇನ್ನೂ ನಾಲ್ವರು ಬೇಕು. ಕಲಬುರಗಿ, ಬಳ್ಳಾರಿ, ಚಾಮರಾಜನಗರದ ಕಡೆಯವರು ಸಿಕ್ಕರೆ ಒಳ್ಳೆಯದು, ಹೊರದೇಶದಲ್ಲಿ ಬೆಳೆದು ಕನ್ನಡ ನಿಧಾನವಾಗಿ ಓದುವವರಾದರೂ ಸರಿ. ಇಲ್ಲಿಯವರೆಗೆ ಓದಿದ ನೀವು ಯಾರೂ ಇನ್ನು ಪರೀಕ್ಷಕರಾಗಿ ನನಗೆ ಉಪಯೋಗಕ್ಕೆ ಬರುವುದಿಲ್ಲ, ಬೇಸರಿಸಬೇಡಿ. ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಇದನ್ನು ಓದದವರು ಯಾರಾದರೂ ಇದ್ದರೆ, ಆಯಿಯ ವಿಷಯವನ್ನು ಮಾತ್ರ ಬಾಯಿ ಬಿಡದೆ, ನನಗೆ ಸಂದೇಶ ಕಳುಹಿಸುವಂತೆ ಅವರಿಗೆ ಹೇಳಿ.